ಜಾಂಗಲದೇಶದ ವೃಕ್ಷವಿಶೇಷಗಳು

೧. ಪೀಠಿಕೆ

ಕಾವ್ಯಗಳಿಗೆ ಟೀಕೆಯನ್ನು ಬರೆದ ಪ್ರಾಚೀನರು, ಮೂಲದಲ್ಲಿ ಗಿಡಮರಗಳ ಹೆಸರು ಬಂದೆಡೆಯಲ್ಲಿ ಎಷ್ಟೋ ಸಲ "ವೃಕ್ಷವಿಶೇಷ" ಎಂಬ ಒಂದೇ ಮಾತಿನಿಂದ ತಮ್ಮ ಕಾರ್ಯವನ್ನು ಮುಗಿಸಿರುವರು. ಇದನ್ನು ಅವರ ಅಜ್ಞಾನವೆಂದು ಎಣಿಸಬೇಕಾದ ಕಾರಣವಿಲ್ಲ. ಅವರ ಕಾಲದ ಶಿಷ್ಯನಿಗೆ ಆ ಮರವು ಊರ ಹೊರಗಿನ ಬೇಲಿಯಲ್ಲಿಯೋ ಹಳ್ಳದ ದಡದಲ್ಲಿಯೋ ಪ್ರತ್ಯಕ್ಷವಾಗಿದ್ದಿತು. ಹೆಸರನ್ನು ಕೇಳಿದ ಮಾತ್ರಕ್ಕೆ ರೂಪವು ಮನಸ್ಸಿಗೆ ಹೊಳೆಯುತ್ತಿದ್ದಿತು. ಪ್ರತ್ಯಕ್ಷವಿದ್ದಲ್ಲಿ ವ್ಯಾಖ್ಯಾನಕ್ಕೆ ಕೆಲಸವಿಲ್ಲ. ಈಗಿನ ಸ್ಥಿತಿಯು ಬೇರೆ. ಪಾಠವನ್ನು ಹೇಳುವವರಿಗೂ ಕೇಳುವವರಿಗೂ ಮರವು ಪರೋಕ್ಷವಾಗಿ, ಅಂದು ನೆನಪನ್ನು ಕೊಡುತ್ತಿದ್ದ ಅದೇ ಮಾತು ಇಂದು ಮರವೆಯನ್ನು ಮುಚ್ಚುವ ಪರದೆಯಾಗಿದೆ. ಇದಕ್ಕಿಂತಲೂ ಹೆಚ್ಚಿನ ದೋಷವೊಂದುಂಟು: ಹಳೆಯ ಹೆಸರನ್ನು ಹೊಸ ಗಿಡವೊಂದು ಹೊತ್ತುಕೊಂಡು ನಿಂತಿರುವಲ್ಲಿ, ಅರ್ಥವು ತಿಳಿಯದೆ ಹೋಗುವುದಷ್ಟೇ ಅಲ್ಲ, ವಿಪರೀತವಾಗಿಯೇ ತಿಳಿಯುತ್ತದೆ.

ಈ ದೋಷವು ನೀರುಳ್ಳ ನಾಡಿನ ಗಿಡಗಳಿಗಿಂತ ಒಣನಾಡಿನ ಗಿಡಗಳಲ್ಲಿ ಹೆಚ್ಚು. ತಾವರೆ, ಮಾವು, ಅಶೋಕ, ಬಕುಳಗಳನ್ನು ವರ್ಣಿಸಿದ ಕವಿಗಳು ಅಸಂಖ್ಯಾತರು. ಕಳ್ಳಿ, ಬನ್ನಿ, ಬೋರೆ, ಜಾಲಿಗಳನ್ನು ಆದರಿಸಿದವರು ವಿರಳ. ಆದುದರಿಂದ ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂಬ ನಾಲ್ಕು ಸೀಮೆಗಳನ್ನು ಒಂದು ಸಸ್ಯೋದ್ಯಾನವೆಂದೇ ಭಾವಿಸಿ, ಅಲ್ಲಿ ಸಂಚರಿಸುವವನ ಕಣ್ಣಿಗೆ ಬೀಳುವ ಕೆಲವು ಗಿಡಗಳ ಮೂಲಕ ನಿಘಂಟುವಿನ ಶಬ್ದಗಳನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶವಾಗಿದೆ.

೨. ಜಾಂಗಲವೆಂದರೇನು?

ಚರಕಸಂಹಿತೆಯ ಕಲ್ಪಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಭೂಮಿಯನ್ನು ಜಾಂಗಲ, ಅನೂಪ, ಸಾಧಾರಣ ಎಂದು ಮೂರು ಬಗೆಯಾಗಿ ವಿಂಗಡಿಸಿದೆ. ಅನೂಪವು ನೀರು ತುಂಬಿದ ನಾಡು. ಜಾಂಗಲವು ಬಯಲು ಹೆಚ್ಚಾಗಿ, ಒಣಗಾಳಿ ಬೀಸುತ್ತ, ಬಿಸಿಲ್ಗುದುರೆಗಳು ತೋರುವ ನಾಡು. ಇವೆರಡರ ಲಕ್ಷಣಗಳೂ ಬೆರೆತುದು ಸಾಧಾರಣ. ಜಾಂಗಲದಲ್ಲಿ ಬೆಳೆಯುವ ಮರಗಳ ಪಟ್ಟಿಯಲ್ಲಿ ಖದಿರ, ಧವ, ಬದರಿ, ಶಮೀ ಮುಂತಾದುವು ಬಂದಿವೆ. ಇವುಗಳಲ್ಲಿ ಕೆಲವು ಮುಳ್ಳಿನವು ಅಥವಾ ಸಣ್ಣ ಎಲೆಯವು ಎಂಬುದು ಗಮನಿಸತಕ್ಕ ಸಂಗತಿ.

ಇಲ್ಲಿಯೇ ಶಬ್ದಾರ್ಥದ ಮೊದಲನೆಯ ತೊಡಕು ಎದುರಾಗುತ್ತದೆ. ಜಾಂಗಲಶಬ್ದದ ಸಂತತಿಯಾದ 'ಜಂಗಲ್' ಎಂಬುದು ಉತ್ತರದ ಭಾಷೆಗಳಲ್ಲಿ ಕಾಡೆಂಬ ಅರ್ಥವನ್ನು ತಳೆದು, ಅಲ್ಲಿಂದ ಇಂಗ್ಲಿಷಿಗೆ ಹೋಗಿ, ಕೊನೆಗೆ ಬಿಸಿಲು ಕಾಣದ ದಟ್ಟವಾದ ಅಡವಿ ಎಂಬ ಅರ್ಥದಲ್ಲಿ ಜಗತ್ತಿನಲ್ಲೆಲ್ಲ ಹರಡಿದೆ. ಮೂಲದಲ್ಲಿ ಜಾಂಗಲವು ಅದಕ್ಕೆ ಸರಿಯಾಗಿ ವಿರುದ್ಧ. ಕುರುಜಾಂಗಲವೆಂಬ ದೇಶನಾಮವನ್ನು ಮಹಾಭಾರತದಲ್ಲಿ ಓದುವ ವಿದ್ಯಾರ್ಥಿಯು ದಟ್ಟಡವಿಯನ್ನು ಕಲ್ಪಿಸಿಕೊಂಡರೆ ಆ ತಪ್ಪು ಅವನದಲ್ಲ. ಶಬ್ದವೇ ಅವನನ್ನು ದಾರಿ ತಪ್ಪಿಸಿದೆ.

೩. ನಾಲ್ಕು ಸೀಮೆಗಳ ಉದ್ಯಾನ

ಸಹ್ಯಾದ್ರಿಯಲ್ಲಿ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಪೂರ್ವಾಭಿಮುಖವಾಗಿ ಹರಿದು, ೩೦೦ ಕಿಲೋಮೀಟರುಗಳಿಗೂ ಸ್ವಲ್ಪ ಹೆಚ್ಚಾದ ದಾರಿಯನ್ನು ನಡೆದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನದಿಯು ಮುಂದುವರಿದಂತೆ ಮಳೆಯು ಹಿಂದುಳಿಯುತ್ತದೆ. ಪಶ್ಚಿಮದ ಕಿತ್ತೂರು ಮಲೆನಾಡಿನ ಸೆರಗು. ಅಲ್ಲಿ ತೇಗ, ಮುತ್ತುಗಗಳು ಇನ್ನೂ ಕಾಣುತ್ತವೆ. ೧೮೨೪ ರಲ್ಲಿ ರಾಣಿ ಚೆನ್ನಮ್ಮನು ಕಂಪನಿಯ ಸೈನ್ಯವನ್ನು ಎದುರಿಸಿದ ಕೋಟೆ ಇಲ್ಲಿಯದು. ಅವಳ ಸಮಾಧಿಯಿರುವ ಬೈಲಹೊಂಗಲಕ್ಕೆ ಬರುವಷ್ಟರಲ್ಲಿ ಭೂಮಿಯು ಕಪ್ಪಾಗಿ, ಜೋಳ ಹತ್ತಿಗಳ ಎರೆಯ ಬಯಲು ತೆರೆದುಕೊಳ್ಳುತ್ತದೆ. ಮರಗಳು ಹೊಲದ ಬದುವಿಗೆ ಸರಿದು ನಿಲ್ಲುತ್ತವೆ. ಸವದತ್ತಿಯಲ್ಲಿ ಕೆಂಪು ಮರಳುಗಲ್ಲಿನ ಗುಡ್ಡಗಳು ಏಳುತ್ತವೆ. ನವಿಲುತೀರ್ಥದ ಬಳಿ ನದಿಯು ಆ ಗುಡ್ಡವನ್ನೇ ಸೀಳಿಕೊಂಡು ಹೋಗಿರುವುದನ್ನು ನೋಡಬಹುದು. ರಾಮದುರ್ಗದಲ್ಲಿ ಅದೇ ಗುಡ್ಡಗಳ ಸಾಲು ಮುಂದುವರಿದು, ಮಣ್ಣು ತೆಳುವಾಗಿ, ಮಡ್ಡಿಯೇ ಪ್ರಧಾನವಾಗುತ್ತದೆ. ಹೀಗೆ ಚರಕನ ಸಾಧಾರಣದಿಂದ ಹೊರಟವನು ಒಂದೇ ಹಗಲಿನ ಪ್ರಯಾಣದಲ್ಲಿ ಜಾಂಗಲವನ್ನು ಮುಟ್ಟುತ್ತಾನೆ.

ಒಣನಾಡಿನ ಸಸ್ಯಗಳನ್ನೇ ಕೂಡಿಸಿ ಬೆಳೆಸುವ ಉದ್ಯಾನಗಳು ಬೇರೆ ದೇಶಗಳಲ್ಲಿಯೂ ಉಂಟು. ಅಮೆರಿಕದ ಅರಿಜೋನ ಪ್ರಾಂತದ ಫೀನಿಕ್ಸ್ ನಗರದಲ್ಲಿ ೧೯೩೯ ರಲ್ಲಿ ತೆರೆದ ಮರುಸಸ್ಯೋದ್ಯಾನವು ಪ್ರಸಿದ್ಧವಾದುದು. ಬೆಂಗಳೂರಿನ ಲಾಲ್‌ಬಾಗಿನಲ್ಲಿಯೂ ಮುಳ್ಳುಗಳ್ಳಿಗಳ ಸಂಗ್ರಹವನ್ನು ಕಾಣಬಹುದು. ಅಂತಹ ಉದ್ಯಾನದಲ್ಲಿ ಪ್ರತಿ ಗಿಡದ ಬಳಿಯೂ ಹೆಸರಿನ ಫಲಕವಿರುತ್ತದೆ. ಮಲಪ್ರಭೆಯ ಸೀಮೆಯಲ್ಲಿ ಗಿಡಗಳಿವೆ, ಫಲಕಗಳಿಲ್ಲ. ಫಲಕಗಳು ಅಮರಕೋಶದ ವನೌಷಧಿವರ್ಗದಲ್ಲಿಯೂ ಊರವರ ನಾಲಗೆಯಲ್ಲಿಯೂ ಇವೆ. ಅವನ್ನು ಗಿಡಕ್ಕೆ ಸರಿಯಾಗಿ ಕಟ್ಟುವುದೇ ಉಳಿದ ಕಾರ್ಯ.

೪. ಕಳ್ಳಿ

ಕಳ್ಳಿಯೆಂದೊಡನೆ ಇಂದಿನ ವಿದ್ಯಾರ್ಥಿಯ ಕಣ್ಣಮುಂದೆ ನಿಲ್ಲುವುದು, ಹಸುರು ಅಂಗೈಗಳನ್ನು ಒಂದರ ಮೇಲೊಂದು ಜೋಡಿಸಿದಂತಿರುವ ಪಾಪಾಸುಕಳ್ಳಿ. ಇದರ ಮೂಲವು ಅಮೆರಿಕ ಖಂಡ. ಸಸ್ಯಶಾಸ್ತ್ರಜ್ಞರು ಒಪಂಷಿಯ ಎಂದು ಕರೆಯುವ ಈ ಕುಲವು, ೧೪೯೨ ರಲ್ಲಿ ಕೊಲಂಬಸನು ಆ ಖಂಡವನ್ನು ಮುಟ್ಟುವುದಕ್ಕೆ ಮೊದಲು ಭಾರತದಲ್ಲಿರಲಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಕೆಂಪು ಬಣ್ಣವನ್ನು ಕೊಡುವ ಕಾಚಿನೀಲ್ ಹುಳುವನ್ನು ಸಾಕುವ ಆಸೆಯಿಂದ ಕಂಪನಿಯವರು ಇದನ್ನು ಮದರಾಸಿನ ಕಡೆಯಲ್ಲಿ ಬೆಳೆಸಿದರು. ೧೭೯೫ ರಲ್ಲಿ ತರಿಸಿದ ಹುಳುವು ಉದ್ದೇಶಿಸಿದ ಜಾತಿಯದಾಗಿರಲಿಲ್ಲ. ಅದು ಒಳ್ಳೆಯ ಬಣ್ಣವನ್ನು ಕೊಡದೆ ಗಿಡವನ್ನೇ ತಿಂದಿತು. ಆದರೂ ಕಳ್ಳಿಯ ಬೇರೆ ಜಾತಿಗಳು ಹಬ್ಬಿ ಹೊಲಗಳನ್ನು ಮುಚ್ಚಿದುದರಿಂದ, ೧೯೨೬ ರಲ್ಲಿ ಇನ್ನೊಂದು ಜಾತಿಯ ಹುಳುವನ್ನು ತಂದು ಅವುಗಳನ್ನು ಅಡಗಿಸಬೇಕಾಯಿತು.

ಈ ಗಿಡದ ಹೆಸರೇ ಇದರ ಅರ್ವಾಚೀನತೆಗೆ ಸಾಕ್ಷಿ. ಪಾಪಾಸು ಎಂದರೆ ಪಾದರಕ್ಷೆ. ಪಾರಸಿಯ 'ಪಾಪೋಶ್' ಶಬ್ದವು ಕನ್ನಡಕ್ಕೆ ಬಂದ ರೂಪವಿದು. ಚಪ್ಪಲಿಯ ಆಕಾರದ ಕಾಂಡವನ್ನು ನೋಡಿ ಜನರು ಹೊಸ ಗಿಡಕ್ಕೆ ಹಳೆಯ ಕಳ್ಳಿಯ ಹೆಸರನ್ನು ಕೊಟ್ಟು, ಭೇದವನ್ನು ತಿಳಿಸಲು ಒಂದು ವಿಶೇಷಣವನ್ನು ಸೇರಿಸಿದರು. ವಿಶೇಷಣವು ಬೇಕಾಯಿತೆಂದರೆ, ಬರಿಯ ಕಳ್ಳಿ ಎಂಬುದು ಮೊದಲು ಬೇರೊಂದು ಗಿಡದ ಹೆಸರಾಗಿದ್ದಿತೆಂದು ಅರ್ಥವಾಗುತ್ತದೆ.

ಆ ಬೇರೊಂದು ಗಿಡವೇ ಸಂಸ್ಕೃತದ ಸ್ನುಹಿ, ಸಸ್ಯಶಾಸ್ತ್ರದ ಯೂಫೋರ್ಬಿಯ. ಸವದತ್ತಿ ರಾಮದುರ್ಗಗಳ ಕಡೆಯ ಬೇಲಿಗಳಲ್ಲಿಯೂ ಕಲ್ಲುಗುಡ್ಡಗಳಲ್ಲಿಯೂ ಎಲೆಗಳ್ಳಿ, ಚದುರಗಳ್ಳಿ, ಕೊಂಬುಗಳ್ಳಿ ಎಂಬ ಇದರ ಭೇದಗಳನ್ನು ಗುರುತಿಸಬಹುದು. ಸ್ನುಹಿಗೆ ಅಮರಸಿಂಹನು ಕೊಟ್ಟಿರುವ ಪರ್ಯಾಯಗಳಲ್ಲಿ 'ಸಮಂತದುಗ್ಧಾ' ಎಂಬುದೊಂದು. ಎಲ್ಲ ಕಡೆಯಲ್ಲಿಯೂ ಹಾಲುಳ್ಳದು ಎಂದು ಇದರ ಅರ್ಥ. ಕಾಂಡವನ್ನಾಗಲಿ ಕೊಂಬೆಯನ್ನಾಗಲಿ ಎಲೆಯನ್ನಾಗಲಿ ಎಲ್ಲಿ ಗೀರಿದರೂ ಬೆಳ್ಳಗೆ ಹಾಲು ಒಸರುವ ಗಿಡಕ್ಕೆ ಇದಕ್ಕಿಂತ ಖಚಿತವಾದ ಲಕ್ಷಣವನ್ನು ಕೊಡಲಾಗದು. ಪಾಪಾಸುಕಳ್ಳಿಯನ್ನು ಮುರಿದರೆ ಬರುವುದು ನೀರಿನಂತಹ ಲೋಳೆ, ಹಾಲಲ್ಲ. ಚರಕನು ಕಲ್ಪಸ್ಥಾನದಲ್ಲಿ ಈ ಹಾಲಿನ ವಿರೇಚನಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಾಗಿಟ್ಟು, ಮುಳ್ಳು ಕಡಿಮೆಯಾದುದು, ಮುಳ್ಳು ಹೆಚ್ಚಾದುದು ಎಂದು ಎರಡು ಬಗೆಯನ್ನು ಹೇಳಿರುವನು.

ಈ ವಿವೇಕವಿಲ್ಲದೆ ಕಾವ್ಯಪಾಠವು ನಡೆಯುವುದಿಲ್ಲ. ನೋಟಕ್ಕೆ ಒಂದೇ ಬಿಳುಪಾದರೂ ಗುಣದಲ್ಲಿ ಭಿನ್ನವಾದ ವಸ್ತುಗಳಿಗೆ ಹಸುವಿನ ಹಾಲನ್ನೂ ಎಕ್ಕೆ ಕಳ್ಳಿಗಳ ಹಾಲನ್ನೂ ದೃಷ್ಟಾಂತವಾಗಿ ಹೇಳುವುದು ಲೋಕೋಕ್ತಿಯಲ್ಲಿ ರೂಢಿಯಾದ ಮಾತು. ಪಾಪಾಸುಕಳ್ಳಿಯನ್ನು ಮನಸ್ಸಿನಲ್ಲಿಟ್ಟುಕೊಂಡ ವಿದ್ಯಾರ್ಥಿಗೆ ಹಾಲೆಲ್ಲಿಯದು ಎಂಬ ಸಂದೇಹವು ಹುಟ್ಟಬೇಕು. ಹುಟ್ಟದಿದ್ದರೆ ಅವನು ದೃಷ್ಟಾಂತವನ್ನು ಓದಲಿಲ್ಲ, ಅಕ್ಷರಗಳನ್ನು ಓದಿದನು.

ಕಳ್ಳಿಶಬ್ದದ ಇನ್ನೊಂದು ಯಾತ್ರೆಯೂ ಸ್ವಾರಸ್ಯವಾಗಿದೆ. ಲಿನೇಯಸನು ಕೊಂಬುಗಳ್ಳಿಗೆ ಯೂಫೋರ್ಬಿಯ ತಿರುಕಲ್ಲಿ ಎಂದು ಹೆಸರಿಟ್ಟನು. ಮಲೆಯಾಳದ 'ತಿರುಕಳ್ಳಿ'ಯೇ ಅದು. ಅಮೆರಿಕದ ಗಿಡವು ನಮ್ಮ ಹೆಸರನ್ನು ಪಡೆದಿದೆ. ನಮ್ಮ ಹೆಸರು ಜಗತ್ತಿನ ಶಾಸ್ತ್ರದಲ್ಲಿ ಸ್ಥಾನವನ್ನು ಪಡೆದಿದೆ.

ಎರಡು ಗಿಡಗಳಿಗೂ ಬಂಧುತ್ವವಿಲ್ಲದಿದ್ದರೂ ರೂಪಸಾಮ್ಯವು ಹೇಗೆ ಬಂದಿತು? ಎಲೆಯು ಅಗಲವಾದಷ್ಟೂ ನೀರು ಆವಿಯಾಗಿ ಹೋಗುವುದು. ಅದಕ್ಕಾಗಿ ಎರಡೂ ಎಲೆಯ ಕೆಲಸವನ್ನು ಹಸುರು ಕಾಂಡಕ್ಕೆ ಒಪ್ಪಿಸಿ, ಅಲ್ಲಿಯೇ ನೀರನ್ನು ಕೂಡಿಟ್ಟುಕೊಂಡಿವೆ. ಮೈಮೇಲಣ ಸೂಕ್ಷ್ಮರಂಧ್ರಗಳನ್ನು ಹಗಲು ಮುಚ್ಚಿ ರಾತ್ರಿ ತಂಪಿನಲ್ಲಿ ತೆರೆಯುತ್ತವೆ. ಬೇರೆ ಬೇರೆ ಖಂಡಗಳಲ್ಲಿ ಒಂದೇ ಕಷ್ಟಕ್ಕೆ ಕಂಡುಕೊಂಡ ಒಂದೇ ಉಪಾಯವಿದು. ಹೊಸ ಗಿಡಕ್ಕೆ ಕಳ್ಳಿಯ ಹೆಸರನ್ನಿಟ್ಟ ಒಕ್ಕಲಿಗನ ಕಣ್ಣು ನೋಡಿದುದು ಈ ಉಪಾಯವನ್ನೇ.

೫. ಬನ್ನಿ

ವಿರಾಟಪರ್ವದಲ್ಲಿ ಪಾಂಡವರು ತಮ್ಮ ಆಯುಧಗಳನ್ನು ಶ್ಮಶಾನದ ಸಮೀಪದ ಶಮೀವೃಕ್ಷದಲ್ಲಿ ಅಡಗಿಸಿಟ್ಟ ಕಥೆಯು ಸರ್ವವಿದಿತವಾದುದು. ಗರ್ಭಿಣಿಯಾದ ಸುದಕ್ಷಿಣೆಯನ್ನು ಕಾಳಿದಾಸನು ರಘುವಂಶದ ಮೂರನೆಯ ಸರ್ಗದಲ್ಲಿ, ಒಳಗೆ ಬೆಂಕಿಯನ್ನಡಗಿಸಿಕೊಂಡ ಶಮಿಗೆ ಹೋಲಿಸಿರುವನು. ಯಜ್ಞದ ಅರಣಿಗೂ ಶಮಿಗೂ ಇರುವ ಸಂಬಂಧವೇ ಈ ಉಪಮೆಯ ಬೀಜ. ಕನ್ನಡದ ಬನ್ನಿಯನ್ನು ವಹ್ನಿಯ ತದ್ಭವವೆಂದು ಹೇಳುವುದುಂಟು. ಆ ಅರ್ಥವು ಈ ಪ್ರಸಿದ್ಧಿಗೆ ಚೆನ್ನಾಗಿ ಹೊಂದುತ್ತದೆ.

ಆದರೆ ಬನ್ನಿಯೆಂಬ ಹೆಸರು ಕರ್ನಾಟಕದಲ್ಲಿ ಒಂದೇ ಮರಕ್ಕೆ ನಿಂತಿಲ್ಲ. ಪ್ರೊಸೊಪಿಸ್ ಸಿನರೇರಿಯ ಎಂಬುದನ್ನೂ ಅಕೇಸಿಯ ಫೆರುಜಿನಿಯ ಎಂಬುದನ್ನೂ ಜನರು ಬನ್ನಿಯೆಂದೇ ಕರೆಯುವರು. ಎರಡಕ್ಕೂ ಮುಳ್ಳುಂಟು, ಎರಡರ ಎಲೆಯೂ ಕಿರಿಯ ದಳಗಳಾಗಿ ಒಡೆದುದು, ಎರಡರ ಹೂವೂ ಹಳದಿ ಛಾಯೆಯ ತೆನೆ. ವಿಜಯದಶಮಿಯಂದು ಬನ್ನಿ ಮುಡಿಯುವವರು, ಬಂಗಾರವೆಂದು ಎಲೆಯನ್ನು ಕೊಟ್ಟು ಹಿರಿಯರಿಗೆ ನಮಸ್ಕರಿಸುವವರು, ಊರಿನಲ್ಲಿ ಯಾವುದಿದೆಯೋ ಅದನ್ನೇ ಪೂಜಿಸುವರು. ನೆರೆಯ ಮಹಾರಾಷ್ಟ್ರದಲ್ಲಿ ಅದೇ ದಿನ ಆಪಟಾ ಎಂಬ ಮೂರನೆಯ ಮರದ ಎಲೆಯು ಬಂಗಾರವಾಗುತ್ತದೆ. ಸಂಸ್ಕೃತದಲ್ಲಿ ಅದು ಅಶ್ಮಂತಕ. ಆಚಾರಕ್ಕೆ ಇದರಿಂದ ಹಾನಿಯಿಲ್ಲ. ಶಮಿ ಯಾವುದೆಂದು ನಿರ್ಣಯಿಸಬೇಕಾದ ವಿದ್ವಾಂಸನಿಗೆ ಮಾತ್ರ ಪ್ರಮಾಣವು ಬೇಕು.

ಅದನ್ನೂ ಅಮರಸಿಂಹನೇ ಒದಗಿಸಿರುವನು. ಶಮಿಗೆ ಅವನು ಹೇಳಿದ ಪರ್ಯಾಯಗಳಲ್ಲಿ 'ಸಕ್ತುಫಲಾ' ಎಂಬುದೊಂದುಂಟು. ಹಿಟ್ಟಿನಂತಹ ತಿರುಳುಳ್ಳ ಕಾಯಿಯದು ಎಂದು ತಾತ್ಪರ್ಯ. ಪ್ರೊಸೊಪಿಸಿನ ಕಾಯಿಯು ಸಣ್ಣಗೆ ಉದ್ದವಾಗಿ ಜೋಲುತ್ತ, ಮಾಗಿದಾಗ ಬೀಜಗಳ ಸುತ್ತ ಸಿಹಿಯಾದ ಹಿಟ್ಟುತಿರುಳನ್ನು ತಳೆದಿರುತ್ತದೆ. ರಾಜಸ್ಥಾನದಲ್ಲಿ ಇದರ ಎಳೆಯ ಕಾಯಿಯು ಸಾಂಗರಿಯೆಂಬ ಹೆಸರಿನಿಂದ ಅಡಿಗೆಗೆ ಬರುತ್ತದೆ. ಅಕೇಸಿಯದ ಕಾಯಿಯಾದರೋ ಚಪ್ಪಟೆಯಾಗಿ, ಕಂದುಬಣ್ಣದ್ದಾಗಿ, ತಿರುಳಿಲ್ಲದುದು. ಆದುದರಿಂದ ಸಕ್ತುಫಲೆಯು ಮೊದಲನೆಯದೇ ಎಂದು ನಿಸ್ಸಂಶಯವಾಗಿ ಹೇಳಬಹುದು. ಕಾಯಿಯಿಲ್ಲದ ಕಾಲದಲ್ಲಿ ಎಲೆಯೇ ಗುರುತು: ಪ್ರೊಸೊಪಿಸಿನ ಎಲೆಯಲ್ಲಿ ಕವಲುಗಳ ಜೊತೆ ಸಾಮಾನ್ಯವಾಗಿ ಎರಡು, ಹೆಚ್ಚೆಂದರೆ ಮೂರು, ಅಕೇಸಿಯದಲ್ಲಿ ಅದಕ್ಕಿಂತ ಹೆಚ್ಚು.

ಮರವನ್ನು ನೋಡಿದವನಿಗೆ ಕಥೆಯ ಔಚಿತ್ಯವೂ ತಿಳಿಯುವುದು. ಶಮಿಯ ಬೇರು ನೀರನ್ನು ಅರಸಿ ಬಹು ಆಳಕ್ಕೆ ಇಳಿಯುವುದರಿಂದ, ಉಳಿದ ಗಿಡಗಳು ಬತ್ತಿ ನಿಂತ ಬೇಸಗೆಯಲ್ಲಿ ಮಳೆಗೆ ಮೊದಲೇ ಇದು ಚಿಗುರುತ್ತದೆ. ಹೊರಗೆ ಒಣಗಿದ ನೆಲ, ಒಳಗೆ ಬತ್ತದ ಸತ್ತ್ವ. ವರ್ಷವಿಡೀ ಮರೆಯಲ್ಲಿದ್ದು ಮತ್ತೆ ಚಿಗುರಬೇಕಾದವರ ಆಯುಧಗಳಿಗೆ ಇದಕ್ಕಿಂತ ತಕ್ಕ ಆಶ್ರಯವಿಲ್ಲ.

೬. ಬೋರೆ

ರಾಮದುರ್ಗ ತಾಲೂಕಿನ ಸುರೇಬಾನದ ಬಳಿ ಗುಡ್ಡಗಳ ನಡುವೆ ಶಬರಿಕೊಳ್ಳವೆಂಬ ಕ್ಷೇತ್ರವಿದೆ. ಶಬರಿಯು ರಾಮನಿಗೆ ಬೋರೆಹಣ್ಣನ್ನು ಕೊಟ್ಟುದು ಇಲ್ಲಿಯೇ ಎಂದು ಜನರ ನಂಬಿಕೆ. ವಾಲ್ಮೀಕಿಯ ಅರಣ್ಯಕಾಂಡದಲ್ಲಿ ಶಬರಿಯು ಪಂಪಾತೀರದ ಕಾಡಿನ ಫಲಾದಿಗಳನ್ನು ಕೂಡಿಸಿಟ್ಟಿರುವುದಾಗಿ ಮಾತ್ರ ಹೇಳುವಳು. ಅವು ಬದರೀಫಲಗಳೆಂದಾಗಲಿ, ಅವಳು ರುಚಿ ನೋಡಿ ಕೊಟ್ಟಳೆಂದಾಗಲಿ ಅಲ್ಲಿಲ್ಲ. ಆ ಅಂಶವು ಈಚಿನ ಭಕ್ತಿಪರಂಪರೆಯಲ್ಲಿ ಬೆಳೆದುದು. ಪಂಪೆಯ ಸ್ಥಾನವನ್ನು ಹಂಪೆ ಆನೆಗೊಂದಿಗಳ ಬಳಿ ಗುರುತಿಸುವ ಸಂಪ್ರದಾಯವೂ ಪ್ರಬಲವಾದುದೇ. ಕ್ಷೇತ್ರಗಳ ವಿವಾದವು ಇಲ್ಲಿ ಅಪ್ರಸ್ತುತ. ಕಥೆಯನ್ನು ಬೆಳೆಸಿದವರು ಹಣ್ಣುಗಳಲ್ಲೆಲ್ಲ ಬೋರೆಯನ್ನೇ ಏಕೆ ಆರಿಸಿದರು ಎಂಬುದು ವಿಚಾರಿಸತಕ್ಕುದು.

ಬೋರೆಗೆ ಬಿತ್ತುವವನೂ ಬೇಡ, ನೀರೆರೆಯುವವನೂ ಬೇಡ. ಎಲೆಯ ತಳವು ಬಿಳಿಯ ರೋಮದಿಂದ ಮುಚ್ಚಿ ನೀರಿನ ವ್ಯಯವನ್ನು ತಡೆಯುತ್ತದೆ. ಎಲೆಯ ಬುಡದಲ್ಲಿ ಎರಡು ಮುಳ್ಳು: ಸಾಮಾನ್ಯವಾಗಿ ಒಂದು ನೇರ, ಒಂದು ಕೊಕ್ಕೆ, ಒಳಗೆ ಹೋದ ಕೈಯನ್ನು ಒಂದು ಚುಚ್ಚಿದರೆ ಮತ್ತೊಂದು ಹಿಡಿಯುತ್ತದೆ. ಹಣ್ಣನ್ನು ಒಂದೊಂದಾಗಿ ಕಿತ್ತುಕೊಳ್ಳಬೇಕು. ಅಲ್ಲದೆ ಒಂದೇ ಗಿಡದ ಹಣ್ಣುಗಳಲ್ಲಿಯೂ ಸಿಹಿ, ಹುಳಿ, ಒಗರುಗಳು ಬೆರೆತಿರುವುದರಿಂದ ರುಚಿ ನೋಡದೆ ಒಳ್ಳೆಯದನ್ನು ಆರಿಸಲಾಗದು. ರುಚಿ ನೋಡಿದ ಎಂಜಲಿನ ಕಥೆಯು ಮಾವಿಗಾಗಲಿ ಬಾಳೆಗಾಗಲಿ ಒಪ್ಪುತ್ತಿರಲಿಲ್ಲ. ಬಡವಳಾದ ಕಾಡಿನ ಮುದುಕಿಗೆ ದೊರಕುವ ಹಣ್ಣು, ಶ್ರಮದಿಂದ ಕೂಡಿಸಬೇಕಾದ ಹಣ್ಣು, ತಿಂದೇ ತಿಳಿಯಬೇಕಾದ ಹಣ್ಣು ಇದೊಂದೇ. ಕಥೆಯ ಹುಟ್ಟಿಗೆ ಗಿಡದ ಸ್ವಭಾವವೇ ಆಧಾರವೆಂದು ಹೇಳಿದರೆ ಭಕ್ತಿಗೆ ಕೊರತೆಯೇನೂ ಆಗದು.

ಶಬ್ದದೃಷ್ಟಿಯಿಂದಲೂ ಇದು ಬೋಧಪ್ರದ. ಬದರಶಬ್ದವು ಪ್ರಾಕೃತದಲ್ಲಿ 'ಬೋರ' ಆಗುವುದನ್ನು ವರರುಚಿಯು ಪ್ರಾಕೃತಪ್ರಕಾಶದಲ್ಲಿ ವಿಧಿಸಿರುವನು. ಕನ್ನಡದ ಬೋರೆಯು ಆ ಮಾರ್ಗದಿಂದ ಬಂದುದು. ಇದೇ ಹಣ್ಣಿಗಿರುವ ಎಲಚಿ ಎಂಬ ಹೆಸರು ತಮಿಳಿನ ಇಲಂದೈಯೊಡನೆ ಸೇರುವ ದ್ರಾವಿಡಶಬ್ದ. ಒಂದೇ ಹಣ್ಣು ಎರಡು ಭಾಷಾಕುಲಗಳ ಹೆಸರಿನಿಂದ ಕನ್ನಡಿಗರ ಮನೆಯನ್ನು ಹೊಕ್ಕಿದೆ. ಸಂಕ್ರಾಂತಿಯ ಕಾಲದಲ್ಲಿ ಮಕ್ಕಳ ತಲೆಯ ಮೇಲೆ ಕಬ್ಬಿನ ತುಂಡುಗಳೊಡನೆ ಎರೆಯುವ ಮಂಗಲದ್ರವ್ಯವೂ ಇದೇ. ವೈದ್ಯಗ್ರಂಥಗಳು ಗಾತ್ರಭೇದದಿಂದ ಇದನ್ನು ಸೌವೀರ, ಕೋಲ, ಕರ್ಕಂಧು ಎಂದು ವಿಂಗಡಿಸುತ್ತವೆ. ಇವುಗಳಲ್ಲಿ ಕೋಲವು ಅರ್ಧಕರ್ಷ ತೂಕದ ಹೆಸರೂ ಆಗಿದೆ. ಔಷಧಿಪಾಠದಲ್ಲಿ ಕೋಲವೆಂದು ಕಂಡಲ್ಲಿ ಹಣ್ಣೋ ತೂಕವೋ ಎಂದು ವಿಚಾರಿಸದೆ ಅರ್ಥ ಹೇಳುವುದು ಅಪಾಯಕರ.

೭. ಜಾಲಿ ಮತ್ತು ನೀರಿನ ಗುರುತು

ಬೈಲಹೊಂಗಲದ ಎರೆಹೊಲಗಳ ಬದುವಿನ ಕರಿಜಾಲಿಯು ಭಾವಪ್ರಕಾಶದ ಬಬ್ಬೂಲ. ಕುಂಟೆ ಕೂರಿಗೆಗಳಿಗೂ ಬಂಡಿಯ ಗಾಲಿಗೂ ಮರವನ್ನು, ತೊಗಲು ಹದಮಾಡಲು ತೊಗಟೆಯನ್ನು, ಆಡುಗಳಿಗೆ ಕಾಯಿಯನ್ನು ಕೊಟ್ಟು ಒಕ್ಕಲುತನವನ್ನು ಎತ್ತಿ ಹಿಡಿದ ಮರವಿದು. ಇದರ ಹೆಸರನ್ನೂ ಹೊರಗಿನದೊಂದು ಪಡೆದಿದೆ. ಅಮೆರಿಕದಿಂದ ಬಂದು, ೧೮೭೭ ರ ಸುಮಾರಿಗೆ ದಕ್ಷಿಣ ಭಾರತದಲ್ಲಿ ಬಿತ್ತಲ್ಪಟ್ಟ ಬಳ್ಳಾರಿ ಜಾಲಿಯು ಇಂದು ಬೀಳುಭೂಮಿಗಳನ್ನೆಲ್ಲ ಆಕ್ರಮಿಸುತ್ತಿದೆ. ಸಸ್ಯಶಾಸ್ತ್ರಜ್ಞರು ಇದನ್ನು ಬಹುಕಾಲ ಬನ್ನಿಯ ಕುಲದಲ್ಲಿಯೇ ಎಣಿಸಿದ್ದರು. ಬಂಧುತ್ವದಿಂದ ಬನ್ನಿಗೆ ಹತ್ತಿರವಾದುದು ಹೆಸರಿನಿಂದ ಜಾಲಿಯಾಗಿದೆ.

ಒಣನಾಡಿನ ಗಿಡವನ್ನು ಪ್ರಾಚೀನರು ನಿರುಪಯೋಗಿಯೆಂದು ಬಗೆದವರಲ್ಲ. ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ ಬದರಿಯೇ ಮೊದಲಾದ ಮರಗಳನ್ನೂ ಅವುಗಳ ಬಳಿಯ ಹುತ್ತಗಳನ್ನೂ ನೋಡಿ ಅಂತರ್ಜಲವನ್ನು ಊಹಿಸುವ ಕ್ರಮವನ್ನು ಹೇಳಿ, ಮರುದೇಶಕ್ಕೆ ಬೇರೆಯಾಗಿ ನಿಯಮಗಳನ್ನು ಕೊಟ್ಟಿರುವನು. ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿಯೂ ಈ ವಿಷಯವು ಕನ್ನಡದಲ್ಲಿ ನಿರೂಪಿತವಾಗಿದೆ. ಇಂತಹ ಲಕ್ಷಣಗಳೆಲ್ಲ ಇಂದಿನ ಪರೀಕ್ಷೆಗೆ ನಿಲ್ಲುವುವೆಂದು ಹೇಳಲಾಗದು. ಆದರೆ ಪರೀಕ್ಷಿಸುವವನಿಗೆ ಮೊದಲು ಗ್ರಂಥದ ಮರವು ಯಾವುದೆಂದು ತಿಳಿದಿರಬೇಕಷ್ಟೆ. ದಾನಶಾಸನಗಳನ್ನು ಓದುವವರಿಗೂ ಈ ಮಾತು ಸಲ್ಲುತ್ತದೆ. ರಟ್ಟರ ರಾಜಧಾನಿಯಾಗಿದ್ದ ಸುಗಂಧವರ್ತಿ ಇಂದಿನ ಸವದತ್ತಿ. ಕನ್ನಡನಾಡಿನ ಶಾಸನಗಳಲ್ಲಿ ಭೂಮಿಯ ಎಲ್ಲೆಯನ್ನು ಹೇಳುವಾಗ ಕಲ್ಲು, ಹಳ್ಳ, ಕೆರೆಗಳೊಡನೆ ಮರಗಳೂ ಗುರುತಾಗಿ ಬರುವುವು. ಮರವನ್ನು ಅರಿಯದವನಿಗೆ ಎಲ್ಲೆಯೂ ತಿಳಿಯದು.

೮. ಉಪಸಂಹಾರ

ಹದಿನೇಳನೆಯ ಶತಮಾನದಲ್ಲಿ ಡಚ್ಚರ ಅಧಿಕಾರಿಯಾದ ವಾನ್ ರೀಡನು ಮಲಬಾರಿನ ಸಸ್ಯಗಳನ್ನು ಕುರಿತು ಹನ್ನೆರಡು ಸಂಪುಟಗಳ ಹೋರ್ಟಸ್ ಮಲಬಾರಿಕಸ್ ಗ್ರಂಥವನ್ನು ಸಿದ್ಧಪಡಿಸಿದನು. ಅದು ೧೬೭೮ ರಿಂದ ೧೬೯೩ ರ ವರೆಗೆ ಪ್ರಕಟವಾಯಿತು. ಆ ಕಾರ್ಯದಲ್ಲಿ ಇಟ್ಟಿ ಅಚ್ಯುತನೆಂಬ ಮಲೆಯಾಳದ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಪಂಡಿತರೂ ಅವನಿಗೆ ನೆರವಾದರು. ಗಿಡವನ್ನು ಮುಂದಿಟ್ಟುಕೊಂಡು ಹೆಸರನ್ನು ನಿರ್ಣಯಿಸಿದ ವಿದ್ವಾಂಸರ ಉಜ್ಜ್ವಲವಾದ ನಿದರ್ಶನವಿದು. ಮುಂಬಯಿ ಪ್ರಾಂತದ ಸಸ್ಯಗಳನ್ನು ಕುರಿತ ಕುಕ್ಕನ ಗ್ರಂಥವು ೧೯೦೧ ರಿಂದ ೧೯೦೮ ರ ವರೆಗೆ ಹೊರಬಂದಿತು. ಬೆಳಗಾವಿ ಧಾರವಾಡಗಳು ಅದರ ಎಲ್ಲೆಯೊಳಗಿದ್ದುವು. ೧೮೯೪ ರ ಕಿಟ್ಟೆಲರ ಕೋಶವು ಕನ್ನಡದ ಸಸ್ಯನಾಮಗಳಿಗೆ ಎಷ್ಟೋ ಕಡೆ ಶಾಸ್ತ್ರೀಯ ನಾಮವನ್ನೂ ಕೊಡುತ್ತದೆ. ಸಾಮಗ್ರಿಯು ಇಲ್ಲದಿಲ್ಲ.

ಆದರೆ ಕಾಲವು ಕಾಯುವುದಿಲ್ಲ. ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದು ಕಾಲುವೆಗಳು ಹರಿದಮೇಲೆ ಈ ಸ್ಥಳಗಳಲ್ಲಿ ಬೇಸಾಯದ ರೀತಿಯು ಮಾರ್ಪಟ್ಟಿದೆ. ಅದು ಜನರಿಗೆ ಹಿತವಾದುದೇ. ಜಾಂಗಲವು ಸಾಧಾರಣವಾದರೆ ಯಾರೂ ದುಃಖಿಸಬೇಕಾಗಿಲ್ಲ. ಬೇಲಿಯ ಕಳ್ಳಿಯು ಹೋಗಿ ತಂತಿಯು ಬಂದಾಗ, ಬದುವಿನ ಬನ್ನಿಯು ಉರುಳಿದಾಗ, ಗಿಡದೊಡನೆ ಅದರ ಹೆಸರೂ, ಹೆಸರಿನೊಡನೆ ಗ್ರಂಥದ ಅರ್ಥವೂ ಹೋಗುವುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇದಕ್ಕೆ ಪರಿಹಾರವು ದುಬಾರಿಯಾದುದಲ್ಲ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿ ಒಂದೊಂದು ವಿದ್ಯಾಶಾಲೆಯ ಅಂಗಳದ ಕಲ್ಲುಮೂಲೆಯಲ್ಲಿ ಸ್ನುಹಿ, ಶಮೀ, ಬದರಿ, ಬಬ್ಬೂಲ, ಅರ್ಕ, ಆವರ್ತಕಿಗಳನ್ನು ನೆಟ್ಟು, ಪ್ರತಿಯೊಂದಕ್ಕೂ ಸಂಸ್ಕೃತದ ಹೆಸರು, ಕನ್ನಡದ ಹೆಸರು, ಊರವರ ಮಾತು, ಶಾಸ್ತ್ರೀಯ ನಾಮ ಎಂಬ ನಾಲ್ಕನ್ನೂ ಬರೆದ ಫಲಕವನ್ನು ನಿಲ್ಲಿಸಿದರೆ ಸಾಕು. ಪಾಪಾಸುಕಳ್ಳಿಯನ್ನೂ ಬಳ್ಳಾರಿ ಜಾಲಿಯನ್ನೂ ಪಕ್ಕದಲ್ಲಿಯೇ ಇಡಬೇಕು. ಭೇದವು ತಿಳಿಯುವುದು ಸಾಮೀಪ್ಯದಿಂದ. ಒಣನಾಡಿನ ಗಿಡಗಳಾದುದರಿಂದ ನೀರಿನ ಚಿಂತೆಯಿಲ್ಲ. ಅಧ್ಯಾಪಕನು ವಿರಾಟಪರ್ವದ ಪಾಠವನ್ನು ಮುಗಿಸಿ ವಿದ್ಯಾರ್ಥಿಗಳನ್ನು ಆ ಮೂಲೆಗೆ ಕರೆದುಕೊಂಡು ಹೋಗಿ, ಎಲೆಯ ಕವಲನ್ನು ಎಣಿಸಲು ಹೇಳಲಿ. ಅಂದು "ವೃಕ್ಷವಿಶೇಷ" ಎಂಬ ಟೀಕೆಯು, ಪ್ರಾಚೀನರ ಕಾಲದಲ್ಲಿ ಹೇಗೋ ಹಾಗೆ, ಮತ್ತೆ ಸಾಕಾದೀತು.